ಕ್ಲೇರ್‌ಮಾಂಟ್: ಕ್ಲೈವ್ ಕಟ್ಟಿಸಿದ, ಕ್ಲೈವ್ ಬಾಳದ ಮನೆ

ಪ್ಲಾಸಿ ಕದನದ ಇಸವಿಯನ್ನು ಬಾಯಿಪಾಠ ಮಾಡದೆ ನಮ್ಮ ಶಾಲೆಗಳಿಂದ ಹೊರಬಿದ್ದವರು ಇರಲಾರರು. 1757 ಎಂದರೆ ರಾಬರ್ಟ್ ಕ್ಲೈವ್, ರಾಬರ್ಟ್ ಕ್ಲೈವ್ ಎಂದರೆ 1757. ಆದರೆ ಆ ಯುದ್ಧದ ಫಲವಾಗಿ ಅವನು ಗಳಿಸಿದ ಹಣ ಕೊನೆಗೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಪಾಠಪುಸ್ತಕ ಕೇಳುವುದಿಲ್ಲ. ಪರೀಕ್ಷೆಯಲ್ಲೂ ಅದು ಬರುವುದಿಲ್ಲ. ಅದರ ದೊಡ್ಡದೊಂದು ಪಾಲು ಇಂಗ್ಲೆಂಡಿನ ಸರ್ರೆ ಪ್ರಾಂತದ ದಿಬ್ಬವೊಂದರ ಮೇಲೆ ಇಟ್ಟಿಗೆಯ ರೂಪದಲ್ಲಿ ಇಂದಿಗೂ ನಿಂತಿದೆ. ಲಂಡನ್ನಿನಿಂದ ನೈರುತ್ಯಕ್ಕೆ ಸುಮಾರು ಹದಿನೈದು ಮೈಲಿ ದೂರದಲ್ಲಿ ಈಷರ್ ಎಂಬ ಊರಿದೆ. ಅದರ ಪಕ್ಕದ ಈ ಮನೆಯ ಹೆಸರು ಕ್ಲೇರ್‌ಮಾಂಟ್.

ಹೆಸರು ಕ್ಲೈವನದಲ್ಲ, ಹಳೆಯದು. 18ನೆಯ ಶತಮಾನದ ಆರಂಭದಲ್ಲಿ ನಾಟಕಕಾರನೂ ಶಿಲ್ಪಿಯೂ ಆಗಿದ್ದ ಸರ್ ಜಾನ್ ವ್ಯಾನ್‌ಬ್ರೂ ಎಂಬಾತ ಇಲ್ಲಿ ಜಾಗ ಕೊಂಡು ತನಗಾಗಿ ಒಂದು ಸಣ್ಣ ಮನೆ ಕಟ್ಟಿಕೊಂಡ. ನಾಟಕ ಬರೆಯುವವನು ಮನೆಯನ್ನೂ ಕಟ್ಟಬಲ್ಲ ಎಂಬ ಕಾಲ ಅದು! ಅವನಿಂದ ಅದನ್ನು ಕೊಂಡವನು ಕ್ಲೇರ್ ಎಂಬಲ್ಲಿನ ಅರ್ಲ್. ತನ್ನ ಪದವಿಯ ಹೆಸರಿಗೆ ದಿಬ್ಬ ಎಂಬ ಅರ್ಥದ ಮಾತನ್ನು ಜೋಡಿಸಿ ಆತ ಕ್ಲೇರ್‌ಮಾಂಟ್ ಎಂದು ಕರೆದ. ಮುಂದೆ ನ್ಯೂಕ್ಯಾಸಲ್ಲಿನ ಡ್ಯೂಕ್ ಎನಿಸಿ, ಎರಡು ಬಾರಿ ಬ್ರಿಟನ್ನಿನ ಪ್ರಧಾನಿಯಾದವನು ಇವನೇ. ಪ್ಲಾಸಿಯ ಗೆಲುವಿನ ಸುದ್ದಿ ಹಡಗೇರಿ ಲಂಡನ್ನಿಗೆ ಮುಟ್ಟಿದಾಗ ಅಲ್ಲಿ ಪ್ರಧಾನಿಯಾಗಿದ್ದವನೂ ಇವನೇ. ಹನ್ನೆರಡು ವರ್ಷಗಳ ಬಳಿಕ ಆ ಗೆಲುವಿನ ಸರದಾರನೇ ತನ್ನ ಮನೆಯನ್ನು ಕೊಂಡು ಕೆಡವಿಹಾಕುತ್ತಾನೆಂದು ಡ್ಯೂಕನಿಗೆ ಆಗ ಹೊಳೆದಿರಲಾರದು.

ಡ್ಯೂಕ್ 1768ರಲ್ಲಿ ತೀರಿಕೊಂಡ. ಮರುವರ್ಷ ಅವನ ವಿಧವೆಯಿಂದ ಕ್ಲೈವ್ 25,000 ಪೌಂಡಿಗೆ ಇಡೀ ಆಸ್ತಿಯನ್ನು ಕೊಂಡ. ಇದ್ದ ಮನೆ ತಗ್ಗಿನಲ್ಲಿತ್ತು, ಥಂಡಿ ಹಿಡಿಯುತ್ತಿತ್ತು. ಬಂಗಾಳದ ಸೆಕೆಯಲ್ಲಿ ವರ್ಷಗಟ್ಟಲೆ ಬೆಂದು ಬಂದವನಿಗೆ ಅದು ಒಗ್ಗುವಂತಿರಲಿಲ್ಲ. ಅದನ್ನು ನೆಲಸಮ ಮಾಡಿಸಿ, ಮೇಲಿನ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಲು ಲ್ಯಾನ್ಸಲಾಟ್ ಬ್ರೌನ್ ಎಂಬವನಿಗೆ ವಹಿಸಿದ. ಬ್ರೌನ್ ಮುಖ್ಯವಾಗಿ ತೋಟಗಾರ. ಯಾವ ಶ್ರೀಮಂತನ ಜಮೀನಿಗೆ ಹೋದರೂ ‘ಈ ಜಾಗಕ್ಕೆ ಸಾಧ್ಯತೆಗಳಿವೆ’ ಎನ್ನುತ್ತಿದ್ದನಂತೆ. ಅದರಿಂದಲೇ ಜನ ಅವನಿಗೆ ‘ಕೇಪಬಿಲಿಟಿ’ ಬ್ರೌನ್ ಎಂದು ಅಡ್ಡಹೆಸರಿಟ್ಟರು. ಕಟ್ಟಡದ ಕೆಲಸಕ್ಕೆ ಅವನೊಂದಿಗೆ ಕೂಡಿಕೊಂಡವನು ತರುಣ ಹೆನ್ರಿ ಹಾಲೆಂಡ್. ಕೆಲಸ ನಡೆಯುತ್ತಿರುವಾಗಲೇ, 1773ರಲ್ಲಿ, ಹಾಲೆಂಡ್ ಬ್ರೌನನ ಅಳಿಯನೂ ಆದ. ಹಾಲೆಂಡನ ಕಚೇರಿಯಲ್ಲಿ ಆಗ ದುಡಿಯುತ್ತಿದ್ದ ಹುಡುಗ ಜಾನ್ ಸೋನ್. ಮುಂದೆ ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಟ್ಟಡದಿಂದ ಹೆಸರಾದ ಈ ಸೋನ್ ಕೈ ಪಳಗಿಸಿಕೊಂಡದ್ದು ಇಂಥ ಕೆಲಸಗಳಲ್ಲಿಯೇ.

ಇನ್ನು ಮನೆಯ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. 1714ರಿಂದ 1830ರ ವರೆಗೆ ಇಂಗ್ಲೆಂಡಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದರು. ಆ ಕಾಲದ ಕಟ್ಟಡಗಳಿಗೆ ಜಾರ್ಜಿಯನ್ ಶೈಲಿ ಎಂದು ಹೆಸರು. ಆಗಿನ ಶ್ರೀಮಂತರಿಗೆ ಆದರ್ಶವಾಗಿದ್ದವನು 16ನೆಯ ಶತಮಾನದ ಇಟಲಿಯ ಶಿಲ್ಪಿ ಪಲ್ಲಾಡಿಯೋ. ಅವನ ಸೂತ್ರ ಸರಳ: ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ, ನಟ್ಟನಡುವೆ ದೇವಾಲಯದ ಮುಖದಂತೆ ಕಂಬಗಳ ಮಂಟಪ, ಅದರ ಮೇಲೆ ತ್ರಿಕೋನದ ನೆತ್ತಿ. ಕ್ಲೇರ್‌ಮಾಂಟ್ ಈ ಸೂತ್ರಕ್ಕೆ ಕಟ್ಟಿಹಾಕಿದಂತಿದೆ. ನಡು ಅಂಗಳದ ಸುತ್ತ ಬೆಳೆಯುವ ನಮ್ಮ ಕಡೆಯ ಹಳೆಯ ತರವಾಡು ಮನೆಗಳಂತಲ್ಲ, ಇದು ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಒಂದೇ ಗಟ್ಟಿ ಕಟ್ಟಡ. ಮುಖ್ಯ ಅಂತಸ್ತನ್ನು ನೆಲದಿಂದ ಬಹಳ ಎತ್ತರಿಸಿ, ಅಗಲವಾದ ಮೆಟ್ಟಿಲುಗಳ ಸಾಲನ್ನು ಇಟ್ಟಿದ್ದಾರೆ. ಮೆಟ್ಟಿಲು ಹತ್ತಿದರೆ ಎಲೆಗೊಂಚಲಿನ ಬೋದಿಗೆಯ ನಾಲ್ಕು ಭಾರಿ ಕಂಬಗಳು. ಅವುಗಳ ಮೇಲಿನ ತ್ರಿಕೋನದಲ್ಲಿ ಕ್ಲೈವನ ವಂಶಲಾಂಛನ. ಒಳಗೆ ಕಾಲಿಟ್ಟರೆ ಮೊಟ್ಟೆಯಾಕಾರದಲ್ಲಿ ಸುತ್ತುವರಿದು ನಿಂತ ಕಂಬಗಳ ಚಾವಡಿ. ಅಡುಗೆ, ಉಗ್ರಾಣ, ಆಳುಗಳ ವಾಸ ಎಲ್ಲವೂ ಮೆಟ್ಟಿಲ ಎತ್ತರದ ಹಿಂದೆ ಅಡಗಿದ ಕೆಳ ಅಂತಸ್ತಿನಲ್ಲಿ. ಯಜಮಾನನ ಕಿಟಕಿಯಿಂದ ಕಾಣುವ ಹಸಿರಿನಲ್ಲಿ ಗಂಜಿ ಬೇಯಿಸುವವನ ತಲೆಯೂ ಕಾಣಬಾರದು ಎಂಬಷ್ಟು ನಾಜೂಕಿನ ಯೋಜನೆ. ಸೇವಕರು ಬಂದುಹೋಗಲು ನೆಲದಡಿಯ ದಾರಿಯನ್ನೇ ಮಾಡಿದ್ದರು. ಲಂಡನ್ನಿನಿಂದ ಪೋರ್ಟ್ಸ್‌ಮೌತ್ ಬಂದರಿಗೆ ಹೋಗುವ ರಾಜಮಾರ್ಗ ಜಾಗದ ಹತ್ತಿರ ಹಾದುಹೋಗುತ್ತಿತ್ತು. ಬ್ರೌನ್ ಅದನ್ನೇ ಪಕ್ಕಕ್ಕೆ ಸರಿಸಿದ! ಮನೆಯ ನೋಟಕ್ಕಾಗಿ ರಸ್ತೆಯನ್ನು ಸರಿಸಬಲ್ಲವರ ಕಾಲ ಅದು. ಈಗ ರಸ್ತೆಗಾಗಿ ಮನೆಗಳನ್ನು ಸರಿಸುತ್ತಾರೆ.

ಗೋಡೆ ಇಟ್ಟಿಗೆಯದು, ಅಂಚು, ಕಂಬ, ಕಿಟಕಿಯ ಚೌಕಟ್ಟುಗಳಿಗೆ ಮಾತ್ರ ಕಲ್ಲು. ನಮ್ಮಲ್ಲಿ ನೆಲವನ್ನು ಅಗೆದರೆ ಮುರಕಲ್ಲು ಸಿಗುತ್ತದೆ. ಕಡಿದು ಗಾಳಿಗೆ ಇಟ್ಟರೆ ತಾನೇ ಗಟ್ಟಿಯಾಗುವ ಆ ಕಲ್ಲಿನಿಂದ ಗುಡಿಸಲಿನ ಗೋಡೆಯನ್ನೂ ಏಳಿಸಬಹುದು, ಕೆಳದಿಯ ಶಿವಪ್ಪ ನಾಯಕ ಮಾಡಿಸಿದಂತೆ ಬೇಕಲದ ಕೋಟೆಯನ್ನೂ ಕಟ್ಟಬಹುದು. ಲಂಡನ್ನಿನ ಸುತ್ತಿನ ನೆಲದಲ್ಲಿ ಅಂಥ ಕಲ್ಲಿಲ್ಲ, ಇರುವುದು ಜೇಡಿಮಣ್ಣು. ಶರತ್ಕಾಲದಲ್ಲಿ ಅದನ್ನು ಅಗೆದು ರಾಶಿ ಹಾಕಿ ಚಳಿಗೆ, ಮಂಜಿಗೆ ಬಿಡುತ್ತಿದ್ದರು. ಮಂಜು ಮಣ್ಣಿನ ಹೆಂಟೆಯನ್ನು ಒಡೆದು ಹದಮಾಡುತ್ತಿತ್ತು. ವಸಂತದಲ್ಲಿ ತುಳಿದು, ಅಚ್ಚಿಗೆ ಹಾಕಿ, ನೆರಳಿನಲ್ಲಿ ಒಣಗಿಸಿ, ಗೂಡು ಹೂಡಿ ಸುಡುತ್ತಿದ್ದರು. ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಇಟ್ಟಿಗೆ ಕೆಂಪಾಗುತ್ತದೆ. ಸುಣ್ಣದ ಅಂಶ ಹೆಚ್ಚಿದ್ದರೆ ಹಳದಿಗೋ ಬಿಳಿಪಿಗೋ ತಿರುಗುತ್ತದೆ. ಶತಮಾನದ ಆರಂಭದಲ್ಲಿ ಕೆಂಪು ಇಟ್ಟಿಗೆಗೆ ಬಹಳ ಮರ್ಯಾದೆಯಿತ್ತು. ಆಮೇಲೆ ರುಚಿ ಬದಲಾಯಿತು. 1756ರಲ್ಲಿ ಐಸಾಕ್ ವೇರ್ ಎಂಬ ಶಿಲ್ಪಿ ತನ್ನ ದೊಡ್ಡ ಗ್ರಂಥದಲ್ಲಿ ಕೆಂಪು ಇಟ್ಟಿಗೆ ಕಣ್ಣಿಗೆ ಬೆಂಕಿಯಂತೆ ಚುಚ್ಚುತ್ತದೆಂದು ದೂರಿದ; ಬೂದು ಬಣ್ಣದ್ದು ಕಲ್ಲಿನೊಡನೆ ಹೊಂದುತ್ತದೆ ಎಂಬುದು ಅವನ ಮತ. ಕ್ಲೇರ್‌ಮಾಂಟಿನ ಇಟ್ಟಿಗೆ ಆ ಹೊಸ ರುಚಿಯದು, ತಿಳಿ ಬಣ್ಣದ್ದು. ದೂರದಿಂದ ನೋಡಿದವರು ಕಲ್ಲಿನ ಅರಮನೆ ಎಂದುಕೊಳ್ಳಬೇಕು. ಇದರಲ್ಲಿ ಒಂದು ತಮಾಷೆ ಇದೆ. ಇವರು ಗುರುವೆಂದು ನಂಬಿದ ಪಲ್ಲಾಡಿಯೋನ ಅನೇಕ ಮನೆಗಳೂ ಇಟ್ಟಿಗೆಯವೇ, ಮೇಲೆ ಗಾರೆ ಬಳಿದು ಕಲ್ಲಿನಂತೆ ಕಾಣಿಸಿದವು. ಕೃತಕದ ನಕಲು ಮಾಡುವುದಕ್ಕೂ ಒಂದು ಸಂಪ್ರದಾಯ ಬೇಕು ತಾನೆ!

ಈ ಮನೆಗೆ ಒಟ್ಟು ಒಂದು ಲಕ್ಷ ಪೌಂಡು ಬಿತ್ತೆಂದು ಹೇಳಿಕೆ. ಹಣ ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ, ಬ್ರಿಟಿಷ್ ಪಾರ್ಲಿಮೆಂಟಿನ ಕಡತದಲ್ಲಿಯೇ ಇದೆ. ಪ್ಲಾಸಿಯ ನಂತರ ಹೊಸ ನವಾಬ ಮೀರ್ ಜಾಫರನಿಂದ ಕ್ಲೈವನಿಗೆ ಸಂದದ್ದು 2,34,000 ಪೌಂಡು. ಅದರ ಮೇಲೆ ವರ್ಷಕ್ಕೆ ಸುಮಾರು 27,000 ಪೌಂಡು ಬರುವ ಜಾಗೀರು. ಜಾಗೀರೆಂದರೆ ಏನು? ಕಲ್ಕತ್ತೆಯ ಸುತ್ತಿನ ಭೂಮಿಗೆ ಈಸ್ಟ್ ಇಂಡಿಯಾ ಕಂಪೆನಿ ನವಾಬನಿಗೆ ಕೊಡಬೇಕಾಗಿದ್ದ ಕಂದಾಯ. ನವಾಬ ಅದನ್ನು ಕ್ಲೈವನಿಗೆ ಬಿಟ್ಟುಕೊಟ್ಟ. ಅಂದರೆ ಕಂಪೆನಿಯ ನೌಕರನಿಗೆ ಕಂಪೆನಿಯೇ ಗೇಣಿ ಕಟ್ಟಬೇಕಾಯಿತು. 1765ರಲ್ಲಿ ಅಲಹಾಬಾದಿನಲ್ಲಿ ಮೊಗಲ್ ಬಾದಶಹ ಷಾ ಆಲಮನಿಂದ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ಕಂಪೆನಿಗೆ ಬರೆಸಿಕೊಂಡವನೂ ಕ್ಲೈವನೇ. ಹೊಸ ಮನೆಯ ಊಟದ ಕೋಣೆಗೆಂದು ತನ್ನ ವಿಜಯಗಳ ದೊಡ್ಡ ಚಿತ್ರಗಳನ್ನು ಬೆಂಜಮಿನ್ ವೆಸ್ಟ್ ಎಂಬ ಹೆಸರಾಂತ ಚಿತ್ರಕಾರನಿಂದ ಬರೆಸಲು ಏರ್ಪಾಡು ಮಾಡಿದ. ಅವುಗಳಲ್ಲಿ ಒಂದು ದಿವಾನಿಯ ಸಂದರ್ಭದ್ದು. ಚಿತ್ರದಲ್ಲಿ ಬಾದಶಹ ಛತ್ರದ ಕೆಳಗೆ ಭವ್ಯವಾದ ಸಿಂಹಾಸನದಲ್ಲಿ ಕುಳಿತು ಸುರುಳಿಯನ್ನು ನೀಡುತ್ತಾನೆ. ನಿಜವಾಗಿ ನಡೆದದ್ದು ಕ್ಲೈವನ ಡೇರೆಯಲ್ಲಿ. ಊಟದ ಮೇಜಿನ ಮೇಲೆ ಕುರ್ಚಿ ಇಟ್ಟು ಬಟ್ಟೆ ಹೊದಿಸಿ ಅದನ್ನೇ ಸಿಂಹಾಸನ ಮಾಡಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಆ ಚಿತ್ರಗಳು ಗೋಡೆಗೇರುವ ಮೊದಲೇ ಕ್ಲೈವ್ ತೀರಿಕೊಂಡ.

ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಅಭ್ಯಾಸ ಚರಿತ್ರೆಯ ಮಾಸ್ತರರಿಗೆ ಇದ್ದೇ ಇರುತ್ತದೆ. ಕ್ಲೇರ್‌ಮಾಂಟಿನ ಬುನಾದಿ ಬಿದ್ದು ಗೋಡೆ ಏಳುತ್ತಿದ್ದ 1769, 1770 ಎಂಬ ಅವೇ ಇಸವಿಗಳು ಬಂಗಾಳದ ಮಹಾಕ್ಷಾಮದವೂ ಹೌದು. ಮಳೆ ಕೈಕೊಟ್ಟಿತು, ಭತ್ತ ಒಣಗಿತು. ಕಂದಾಯದ ವಸೂಲಿ ಮಾತ್ರ ನಿಲ್ಲಲಿಲ್ಲ. ಪ್ರಾಂತದ ಮೂರರಲ್ಲೊಂದು ಪಾಲು ಜನ ಸತ್ತರೆಂದೂ, ಹಾಗಿದ್ದೂ 1771ರ ವಸೂಲಿ 1768ರದ್ದನ್ನು ಮೀರಿತೆಂದೂ ಮರುವರ್ಷ ಬರೆದವನು ಬೇರಾರೂ ಅಲ್ಲ, ಕಂಪೆನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್. ನ್ಯಾಯವಾಗಿ ಹೇಳುವುದಾದರೆ ಕ್ಲೈವ್ ಆಗ ಬಂಗಾಳದಲ್ಲಿರಲಿಲ್ಲ. 1767ರಲ್ಲಿಯೇ ಊರಿಗೆ ಮರಳಿದ್ದ. ಕ್ಷಾಮವನ್ನು ಅವನು ತಂದನೆನ್ನಲಾಗದು. ಆದರೆ ಹಸಿದವನ ಕಣಜದಿಂದಲೂ ಕಂದಾಯ ಎತ್ತುವ ಹಕ್ಕನ್ನು ಬರೆಸಿಕೊಂಡವನು ಅವನು. ಆ ಹಕ್ಕಿನ ಮೇಲೆ ನಿಂತ ಐಶ್ವರ್ಯದಿಂದ ಸರ್ರೆಯಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಏರುತ್ತಿತ್ತು.

ಇದು ನಮಗೆ ಮಾತ್ರ ಹೊಳೆದ ಸಂಗತಿಯಲ್ಲ. ಸರ್ರೆಯ ಹಳ್ಳಿಗರಿಗೂ ಆ ಮನೆಯನ್ನು ಕಂಡರೆ ಭಯವಿತ್ತೆಂದು ಮೆಕಾಲೆ 1840ರಲ್ಲಿ ಕ್ಲೈವನ ಕುರಿತು ಬರೆದ ಪ್ರಬಂಧದಲ್ಲಿ ಹೇಳುತ್ತಾನೆ. ಈ ದುಷ್ಟ ಪ್ರಭುವನ್ನು ಒಂದು ದಿನ ಸೈತಾನ ಬಂದು ಹೊತ್ತೊಯ್ಯುವನು, ಅವನು ಒಳಗೆ ಬಾರದಿರಲೆಂದೇ ಗೋಡೆಯನ್ನು ಇಷ್ಟು ದಪ್ಪಗೆ ಕಟ್ಟಿಸುತ್ತಿದ್ದಾನೆ ಎಂದು ಅವರು ಪಿಸುಗುಟ್ಟುತ್ತಿದ್ದರಂತೆ. ತೋಟಗಾರ ಬ್ರೌನನ ಕತೆಯೂ ಅಲ್ಲಿಯೇ ಇದೆ. ಮುರ್ಷಿದಾಬಾದಿನ ಖಜಾನೆಯ ಚಿನ್ನ ತುಂಬಿಕೊಂಡು ಬಂದಿದ್ದ ಪೆಟ್ಟಿಗೆಯೊಂದನ್ನು ಕ್ಲೈವನ ಮಲಗುವ ಕೋಣೆಯ ಸಮೀಪದಲ್ಲಿ ಕಂಡು, ಇದನ್ನು ಪಕ್ಕದಲ್ಲಿಟ್ಟುಕೊಂಡು ಈ ಮನುಷ್ಯನಿಗೆ ನಿದ್ದೆ ಹೇಗೆ ಬರುತ್ತದೆಂದು ಬ್ರೌನ್ ಬೆರಗಾದನಂತೆ. ಬೆರಗಾದ ಬ್ರೌನ್ ಸಂಬಳ ಬೇಡವೆಂದನೇ? ಅದನ್ನು ಮೆಕಾಲೆ ಬರೆದಿಲ್ಲ.

1772–73ರಲ್ಲಿ ಪಾರ್ಲಿಮೆಂಟು ಕ್ಲೈವನನ್ನು ವಿಚಾರಣೆಗೆ ಒಳಪಡಿಸಿತು. ಹಣ ಪಡೆದದ್ದು ನಿಜವೆಂದು ಒಪ್ಪಿದ ಸದನವೇ, ದೇಶಕ್ಕೆ ಅವನು ದೊಡ್ಡ ಸೇವೆ ಸಲ್ಲಿಸಿದ್ದಾನೆಂದೂ ಗೊತ್ತುವಳಿ ಮಾಡಿ ಕೈತೊಳೆದುಕೊಂಡಿತು. 1774ರ ನವೆಂಬರ 22ರಂದು ಲಂಡನ್ನಿನ ಬರ್ಕ್ಲಿ ಚೌಕದ ತನ್ನ ಮನೆಯಲ್ಲಿ ಕ್ಲೈವ್ ಸತ್ತ. ಆತ್ಮಹತ್ಯೆಯೆಂದೇ ಹೆಚ್ಚಿನವರ ಅಭಿಪ್ರಾಯ. ವಯಸ್ಸು 49. ಕ್ಲೇರ್‌ಮಾಂಟ್ ಆಗತಾನೆ ಸಿದ್ಧವಾಗುತ್ತಿತ್ತು. ಅದರಲ್ಲಿ ಸಂಸಾರ ಹೂಡುವ ಭಾಗ್ಯ ಅವನಿಗೆ ಬರಲಿಲ್ಲ. 1786ರಲ್ಲಿ ಮನೆಯನ್ನು ಮಾರಿದಾಗ, ಹಾಕಿದ ಹಣದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹುಟ್ಟಲಿಲ್ಲವೆನ್ನುತ್ತಾರೆ.

ಕ್ಲೈವನ ಮಗ ಎಡ್ವರ್ಡನ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ನೆಲದ ನಂಟು ಇರುವುದು ಅವನಲ್ಲಿ. 1798ರಿಂದ 1803ರ ವರೆಗೆ ಅವನು ಮದರಾಸಿನ ಗವರ್ನರ್ ಆಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದದ್ದು ಇವನ ಅಧಿಕಾರಾವಧಿಯಲ್ಲಿಯೇ. ಆ ಪತನದೊಂದಿಗೆ ಕೆನರಾ ಕಂಪೆನಿಯ ಕೈಸೇರಿತು. ಮನ್ರೋ ಸಾಹೇಬ ಮೊದಲ ಕಲೆಕ್ಟರಾಗಿ ಬಂದ. ನಮ್ಮ ಬೇಕಲ, ಕಾಸರಗೋಡು ಕಂಪೆನಿಯ ಲೆಕ್ಕದ ಪುಸ್ತಕದಲ್ಲಿ ಸೇರಿಕೊಂಡವು. 1956ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದುದಕ್ಕೆ ಮೂಲ ಆ ವರ್ಷದ ವ್ಯವಸ್ಥೆಯಲ್ಲಿದೆ. ಎಡ್ವರ್ಡನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ಸುತ್ತಿದಳು. ಟಿಪ್ಪುವಿನ ಡೇರೆ, ಸಿಂಹಾಸನದ ಚಿನ್ನದ ಹುಲಿಮುಖ ಮೊದಲಾದ ವಸ್ತುಗಳು ಈ ಸಂಸಾರಕ್ಕೆ ಸೇರಿದವು. ಕ್ಲೇರ್‌ಮಾಂಟ್ ಆಗ ಅವರ ಕೈಬಿಟ್ಟುಹೋಗಿತ್ತು. ಆದ್ದರಿಂದ ಅವು ಇಂದು ಇರುವುದು ಹೆನ್ರಿಯೆಟ್ಟಾಳ ತವರಿನದಾಗಿದ್ದ ವೇಲ್ಸ್ ಪ್ರಾಂತದ ಪೋವಿಸ್ ಕೋಟೆಯಲ್ಲಿ.

ಕ್ಲೇರ್‌ಮಾಂಟ್ ಆಮೇಲೆ ಕೈಯಿಂದ ಕೈಗೆ ದಾಟಿತು. ನಡುವೆ ಒಬ್ಬ ಒಡೆಯ ಚಾರ್ಲ್ಸ್ ರೋಸ್ ಎಲ್ಲಿಸ್. ಜಮೈಕದಲ್ಲಿ ತೋಟಗಳನ್ನೂ ಅವುಗಳಲ್ಲಿ ದುಡಿಯುವ ಗುಲಾಮರನ್ನೂ ಹೊಂದಿದ್ದವನು. ಬಂಗಾಳದ ಕಂದಾಯ ಕಟ್ಟಿದ ಮನೆಯನ್ನು ಜಮೈಕದ ಸಕ್ಕರೆ ಕೊಂಡಿತು ಎನ್ನಬಹುದು.

1816ರಲ್ಲಿ ಸರಕಾರವೇ ಅದನ್ನು ಕೊಂಡು, ಪಟ್ಟಕ್ಕೆ ಬರಬೇಕಾಗಿದ್ದ ರಾಜಕುಮಾರಿ ಶಾರ್ಲೊಟ್‌ಗೆ ಮದುವೆಯ ಬಳುವಳಿಯಾಗಿ ಕೊಟ್ಟಿತು. ಗಂಡ ಜರ್ಮನಿಯ ಕಡೆಯ ರಾಜಕುಮಾರ ಲಿಯೋಪೋಲ್ಡ್. ಮರುವರ್ಷ ನವೆಂಬರ 5ರಂದು, ಐವತ್ತು ಗಂಟೆಗಳ ಹೆರಿಗೆ ನೋವಿನ ಬಳಿಕ, ಆಕೆ ಈ ಮನೆಯಲ್ಲಿ ಸತ್ತ ಗಂಡುಮಗುವನ್ನು ಹೆತ್ತಳು. ಕೆಲವೇ ಗಂಟೆಗಳಲ್ಲಿ ತಾನೂ ಕಣ್ಣುಮುಚ್ಚಿದಳು. ವಯಸ್ಸು 21. ಹೆರಿಗೆ ನೋಡಿಕೊಂಡಿದ್ದ ವೈದ್ಯ ಸರ್ ರಿಚರ್ಡ್ ಕ್ರಾಫ್ಟ್ ಮೂರು ತಿಂಗಳಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಸಿಂಹಾಸನಕ್ಕೆ ವಾರಸುದಾರರಿಲ್ಲವೆಂದು ಗಾಬರಿಬಿದ್ದು ಆಕೆಯ ನಡುವಯಸ್ಸಿನ ಚಿಕ್ಕಪ್ಪಂದಿರು ಅವಸರವಸರವಾಗಿ ಮದುವೆಯಾದರು. ಅಂಥ ಒಂದು ಮದುವೆಯಿಂದ 1819ರಲ್ಲಿ ಹುಟ್ಟಿದವಳು ವಿಕ್ಟೋರಿಯಾ. ನಾಡಿಗೆಲ್ಲ ರಾಣಿಯಾದ, ನಮ್ಮ ಅಜ್ಜಂದಿರ ರೂಪಾಯಿಯ ಮೇಲೆ ಮುಖ ತೋರಿಸಿದ ಆ ವಿಕ್ಟೋರಿಯಾಳಿಗೆ ದಾರಿಯಾದದ್ದು ಕ್ಲೇರ್‌ಮಾಂಟಿನ ಒಂದು ಬಾಣಂತಿ ಕೋಣೆಯ ದುರಂತ. ವಿಧುರನಾದ ಲಿಯೋಪೋಲ್ಡ್ ಅಲ್ಲಿಯೇ ಉಳಿದ. ತಂದೆಯಿಲ್ಲದ ಅಕ್ಕನ ಮಗಳು ವಿಕ್ಟೋರಿಯಾ ಬಾಲ್ಯದ ಸುಖದ ದಿನಗಳನ್ನು ಈ ಸೋದರಮಾವನ ಮನೆಯಲ್ಲಿ ಕಳೆದಳು. ಲಿಯೋಪೋಲ್ಡ್ 1831ರಲ್ಲಿ ಬೆಲ್ಜಿಯಮ್ಮಿನ ದೊರೆಯಾಗಿ ಹೋದ.

1848ರ ಕ್ರಾಂತಿಯಲ್ಲಿ ಪಟ್ಟ ಕಳೆದುಕೊಂಡು ಓಡಿಬಂದ ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನಿಗೂ ಆಶ್ರಯ ಸಿಕ್ಕಿದ್ದು ಇಲ್ಲಿಯೇ. ಆತ ಲಿಯೋಪೋಲ್ಡನ ಎರಡನೆಯ ಹೆಂಡತಿಯ ತಂದೆ. ಬಂದ ಕೆಲವು ತಿಂಗಳಲ್ಲಿ ಮನೆಯವರಲ್ಲಿ ಹಲವರಿಗೆ ಹೊಟ್ಟೆನೋವು, ನಿತ್ರಾಣ. ಹುಡುಕಿದಾಗ ಕಾರಣ ಕುಡಿಯುವ ನೀರಿನಲ್ಲಿ ಸಿಕ್ಕಿತು: ಕೊಳವೆಯ ಸೀಸ ನೀರಿನಲ್ಲಿ ಕರಗುತ್ತಿತ್ತು. ಹೊರಗೆ ಕಂಬ, ಲಾಂಛನ, ಮೆಟ್ಟಿಲು. ಒಳಗೆ ವಿಷದ ನೀರು. ಕುಟುಂಬ ಕೆಲಕಾಲ ಮನೆ ಬಿಟ್ಟು ಹೋಗಬೇಕಾಯಿತು. ಮರಳಿ ಬಂದ ಲೂಯಿ ಫಿಲಿಪ್ 1850ರ ಆಗಸ್ಟ್ 26ರಂದು ಇಲ್ಲಿ ತೀರಿಕೊಂಡ.

ಮುಂದೆ ವಿಕ್ಟೋರಿಯಾ ರಾಣಿ ತನ್ನ ಕೊನೆಯ ಮಗನಿಗೆಂದು ಮನೆಯನ್ನು ಕೊಂಡಳು. ಆ ಮಗ ಬಹುಕಾಲ ಬಾಳಲಿಲ್ಲ. ಅವನು ಸತ್ತ ಮೇಲೆ 1884ರಲ್ಲಿ ಇಲ್ಲಿ ಹುಟ್ಟಿದ ಮೊಮ್ಮಗ ಜರ್ಮನಿಯ ಒಂದು ಸಂಸ್ಥಾನಕ್ಕೆ ಒಡೆಯನಾಗಿ ಹೋದ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪಕ್ಷ ಹಿಡಿದ. ಇಂಗ್ಲೆಂಡಿನಲ್ಲಿ ಅವನ ಬಿರುದುಗಳು ಹೋದವು. 1922ರಲ್ಲಿ ತಾಯಿ ತೀರಿಕೊಂಡಾಗ, ವಾರಸು ಅವನದಾದರೂ ವೈರಿಯ ಸೊತ್ತೆಂದು ಮನೆ ಅವನಿಗೆ ದಕ್ಕಲಿಲ್ಲ. ಹುಟ್ಟಿದ ಮನೆಯ ಬಾಗಿಲು ಗಡಿಯಾಚೆಗಿದ್ದ ಕಾರಣಕ್ಕೆ ಮುಚ್ಚಿಹೋಯಿತು. ಗಡಿಯ ಬದಿಯಲ್ಲಿ ಬಾಳುವ ನಮಗೆ ಇದನ್ನು ಓದುವಾಗ ಆ ಮನುಷ್ಯನ ರಾಜಕೀಯ ಒಪ್ಪಿಗೆಯಾಗದಿದ್ದರೂ ಏನೋ ಒಂದು ಕಸಿವಿಸಿ.

ನಂತರದ್ದು ವ್ಯಾಪಾರ. ಸುತ್ತಿನ ಜಮೀನು ತುಂಡುತುಂಡಾಗಿ ಮನೆ ನಿವೇಶನಗಳಿಗೆ ಮಾರಾಟವಾಯಿತು. ಇಂಗ್ಲೆಂಡಿನಲ್ಲಿ ಆ ದಶಕಗಳಲ್ಲಿ ದೊಡ್ಡ ಮನೆಗಳ ಒಡೆಯರು ಮರಣ ತೆರಿಗೆಗೆ, ಆಳುಗಳ ಸಂಬಳಕ್ಕೆ ಹೆದರಿ ನೂರಾರು ಮನೆಗಳನ್ನು ಕೆಡವಿಸಿದರು. ಕ್ಲೇರ್‌ಮಾಂಟಿಗೂ ಆ ಗತಿ ಬರುವುದರಲ್ಲಿತ್ತು. ಆಗ ಅದನ್ನು ಉಳಿಸಿದ್ದು ಯಾವ ಪ್ರಭುವೂ ಅಲ್ಲ, ಒಂದು ಹೆಣ್ಣುಮಕ್ಕಳ ಶಾಲೆ. 1931ರಿಂದ ಅಲ್ಲಿ ಪಾಠ ನಡೆಯುತ್ತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಕ್ಕಳು ಬೇರೆಡೆಗೆ ಹೋಗಿ, ಹಾಕರ್ ವಿಮಾನ ಕಂಪೆನಿಯ ನಕ್ಷೆಗಾರರು ಆ ಕೋಣೆಗಳಲ್ಲಿ ಕುಳಿತು ಯುದ್ಧವಿಮಾನಗಳ ವಿನ್ಯಾಸ ಮಾಡಿದರು. ಯುದ್ಧ ಮುಗಿದು ಶಾಲೆ ಮರಳಿತು. ಈಗ ಗಂಡು ಹೆಣ್ಣು ಎರಡೂ ಮಕ್ಕಳು ಕಲಿಯುವ ಕ್ಲೇರ್‌ಮಾಂಟ್ ಫ್ಯಾನ್ ಕೋರ್ಟ್ ಶಾಲೆ ಅದು. ಶುಲ್ಕ ಕೊಟ್ಟು ಕಲಿಯುವ ಶಾಲೆ, ಬಡವರ ಮಕ್ಕಳಿಗೆ ಎಟುಕುವಂಥದ್ದಲ್ಲ ಎಂಬುದನ್ನೂ ಹೇಳಬೇಕು. ಆದರೂ ಸೈತಾನನಿಗೆ ಹೆದರಿ ದಪ್ಪ ಮಾಡಿದ್ದೆಂದು ಹಳ್ಳಿಗರು ನಂಬಿದ್ದ ಗೋಡೆಗಳ ನಡುವೆ ಮಗ್ಗಿಯ ಸದ್ದು ಕೇಳುವುದು ಕೆಟ್ಟದ್ದೇನಲ್ಲ.

ತೋಟದ ಒಂದು ಭಾಗ 1949ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶಕ್ಕೆ ಬಂತು. ಅಲ್ಲಿ ಕೆರೆಯ ಬದಿಯ ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹುಲ್ಲು ಹಾಸಿದ, ಮೂರು ಎಕರೆಯಷ್ಟು ವಿಸ್ತಾರದ ಒಂದು ಬಯಲು ರಂಗಮಂದಿರವಿದೆ, ಕ್ಲೈವನಿಗಿಂತ ಹಿಂದಿನದು. ಅದು ಮರಗಿಡಗಳಡಿ ಪೂರ್ತಿ ಮುಚ್ಚಿಹೋಗಿತ್ತು. 1975ರಿಂದ ಕಾಡು ಕಡಿದು, ಹಳೆಯ ನಕ್ಷೆ ನೋಡಿಕೊಂಡು ಮತ್ತೆ ತೆರೆದರು. ಈಗ ಟಿಕೇಟು ಪಡೆದು ಯಾರೂ ಹೋಗಿ ಹುಲ್ಲಿನ ಮೇಲೆ ಕೂರಬಹುದು. ಎತ್ತರದಲ್ಲಿ ನಾಟಕಕಾರ ವ್ಯಾನ್‌ಬ್ರೂ ಡ್ಯೂಕನಿಗಾಗಿ ಕಟ್ಟಿಸಿದ ಇಟ್ಟಿಗೆಯ ಗೋಪುರವೊಂದಿದೆ. ಕ್ಲೈವ್ ಹಳೆಯ ಮನೆಯನ್ನು ಕೆಡವಿಸಿದಾಗ ಅದನ್ನು ಹಾಗೆಯೇ ಬಿಟ್ಟಿದ್ದ.